ಬಿಸಿಲಿಗೆ ತುಕ್ಕು ಹಿಡಿಯದು ಎಂಬ ಸುಳ್ಳು

ಬಳ್ಳಾರಿ ಸೀಮೆಯಲ್ಲಿ ಗಾಡಿ ಇಟ್ಟವರ ಬಾಯಲ್ಲಿ ಒಂದು ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ: ‘ಈ ಬಿಸಿಲಿಗೆ ತುಕ್ಕು ಎಲ್ಲಿಂದ ಹಿಡೀತೈತಣ್ಣ, ಸುಮ್ನಿರು.’ ಹೊಸ ಪಿಕಪ್ ತಂದವನು ಮೊದಲ ವಾರವೇ ಮಡ್ ಫ್ಲಾಪ್ ಹಾಕಿಸಲು ಹೋಗುತ್ತಾನೆ. ಅಂಗಡಿಯ ಹುಡುಗ ಚಕ್ರದ ಹಿಂದಿನ ತಗಡಿಗೆ ರಬ್ಬರನ್ನು ಒತ್ತಿ ಹಿಡಿದು, ರಬ್ಬರಿನ ಮೇಲಿಂದಲೇ ಡ್ರಿಲ್ ಮಷಿನ್ ಓಡಿಸಿ, ಸೆಲ್ಫ್ ಸ್ಕ್ರೂ ಬಿಗಿದು, ಮುಂದಿನ ಚಕ್ರಕ್ಕೆ ಹೋಗುತ್ತಾನೆ. ಹತ್ತು ಹದಿನೈದು ನಿಮಿಷದ ಕೆಲಸ. ತೂತಿನ ಅಂಚಿಗೆ ಒಂದಿಷ್ಟು ಬಣ್ಣ ಹಚ್ಚು ಎಂದು ಯಾರಾದರೂ ಕೇಳಿದರೆ ಸಿಗುವ ಉತ್ತರ ಮೇಲಿನದೇ. ಕೇಳಿದವನೂ ನಂಬಿ ಸುಮ್ಮನಾಗುತ್ತಾನೆ, ಏಕೆಂದರೆ ಅವನಪ್ಪನೂ ಅದನ್ನೇ ಹೇಳಿದ್ದ, ಫೈನಾನ್ಸಿನವನೂ ಅದನ್ನೇ ಹೇಳಿದ್ದ.

ಆ ಮಾತು ಸುಳ್ಳು. ಅರ್ಧ ಸತ್ಯದ ಬಟ್ಟೆ ತೊಟ್ಟ ಸುಳ್ಳಾದ್ದರಿಂದ ಇನ್ನಷ್ಟು ಅಪಾಯದ್ದು. ಸಂಗನಕಲ್ಲು, ಕುರುಗೋಡು, ಸಿರುಗುಪ್ಪದ ಹೊಲದ ದಾರಿಗಳಲ್ಲಿ ಓಡಾಡುವ ಸಾಲದ ಗಾಡಿಗಳು ಈ ಒಂದು ಮಾತಿನಿಂದಾಗಿ ವಯಸ್ಸಿಗೆ ಮೊದಲೇ ಕೊಳೆಯುತ್ತಿವೆ. ಆ ಕೊಳೆತ ಬಹಳ ಸಲ ಶುರುವಾಗುವುದು ಗಾಡಿಯನ್ನು ಕಾಪಾಡಲೆಂದು ಹಾಕಿಸಿದ ಮಡ್ ಫ್ಲಾಪಿನ ಬುಡದಲ್ಲಿಯೇ.

ಮೊದಲು ಆ ಅರ್ಧ ಸತ್ಯವನ್ನು ಒಪ್ಪಿಕೊಳ್ಳೋಣ. ಹಳೆ ಗಾಡಿ ಕೊಳ್ಳುವ ಪೇಟೆಯಲ್ಲಿ ಕೆಎ-19, ಕೆಎ-20 ಎಂದರೆ ಮೂಗು ಮುರಿಯುತ್ತಾರೆ. ಮಂಗಳೂರು, ಉಡುಪಿಯ ಕಡಲ ಗಾಳಿ ತಗಡನ್ನು ತಿಂದಿರುತ್ತದೆ ಎಂಬ ಭಯ. ಬಳ್ಳಾರಿಯ ಕೆಎ-34 ಎಂದರೆ ‘ಒಣ ಊರಿನ ಗಾಡಿ’ ಎಂದು ನಾಲ್ಕು ಕಾಸು ಹೆಚ್ಚು. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬಯಲಲ್ಲಿ ನಿಲ್ಲಿಸಿದ ಬರಿಯ ಕಬ್ಬಿಣದ ಸಲಾಕೆ ಸುರತ್ಕಲ್ಲಿನಲ್ಲಿ ತುಕ್ಕಾಗುವಷ್ಟು ಬೇಗ ಬಳ್ಳಾರಿಯಲ್ಲಿ ಆಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಬೀಳುವ ಮಳೆ ಕರಾವಳಿಯ ಆರೇಳರಲ್ಲಿ ಒಂದು ಪಾಲು. ಆದರೆ ಪಿಕಪ್ ಎಂಬುದು ಬಯಲಲ್ಲಿ ನಿಂತ ಸಲಾಕೆ ಅಲ್ಲ. ಅದರಲ್ಲಿ ಮಡಿಕೆಗಳಿವೆ, ಸಂದುಗಳಿವೆ, ಒಂದರ ಮೇಲೊಂದು ಕೂತ ತಗಡುಗಳಿವೆ, ಬಿಸಿಲು ಒಮ್ಮೆಯೂ ಮುಟ್ಟದ ಮೂಲೆಗಳಿವೆ. ಹವಾಮಾನ ಕೇಂದ್ರದವರು ಅಳೆಯುವುದು ಊರಿನ ಹವೆಯನ್ನು. ತುಕ್ಕು ನೋಡುವುದು ರಬ್ಬರಿಗೂ ತಗಡಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನ ಹವೆಯನ್ನು. ಊರಿನಲ್ಲಿ 42 ಡಿಗ್ರಿ ಬಿಸಿಲಿದ್ದರೂ ಆ ಸಂದಿನೊಳಗೆ ಹೊಕ್ಕ ಕೆಸರಿನ ಪಸೆ ದಿನಗಟ್ಟಲೆ ಆರುವುದಿಲ್ಲ. ಪಸೆ ಇದ್ದಲ್ಲಿ ಬಿಸಿ ಹೆಚ್ಚಿದಷ್ಟೂ ತುಕ್ಕಿನ ಓಟ ಹೆಚ್ಚು. ನಮ್ಮನ್ನು ಕಾಯುತ್ತದೆಂದು ನಂಬಿದ ಬಿಸಿಲೇ ಅಲ್ಲಿ ಶತ್ರುವಿನ ಕಡೆ ಸೇರಿಕೊಳ್ಳುತ್ತದೆ.

ಹವೆಯೊಂದೇ ಎಲ್ಲವನ್ನೂ ನಿರ್ಧರಿಸುವುದಾದರೆ ಕೊಡಚಾದ್ರಿಯ ಮೂಲ ಮೂಕಾಂಬಿಕೆಯ ಗುಡಿಯ ಬಳಿ ಇರುವ ಕಬ್ಬಿಣದ ಕಂಬ ಎಂದೋ ಮಣ್ಣಾಗಿ ಹೋಗಬೇಕಿತ್ತು. ಮಲೆನಾಡಿನ ಆ ನೆತ್ತಿಯ ಮೇಲೆ ಮಳೆಗಾಲವೆಂದರೆ ತಿಂಗಳುಗಟ್ಟಲೆ ಜಡಿಮಳೆ, ಮಂಜು. ಪಶ್ಚಿಮಕ್ಕೆ ನೋಡಿದರೆ ಕಡಲು. ಆದರೂ ಕಂಬ ನಿಂತಿದೆ, ಲೋಹ ವಿಜ್ಞಾನಿಗಳು ಹತ್ತಿ ಹೋಗಿ ಪರೀಕ್ಷಿಸಿ ಬಂದಿದ್ದಾರೆ. ಇದ್ದಿಲ ಕುಲುಮೆಯಲ್ಲಿ ಮಾಡಿದ ಆ ಕಬ್ಬಿಣದ ಗುಣ ಇಂದಿನ ಉಕ್ಕಿನ ಗುಣಕ್ಕಿಂತ ಬೇರೆ, ಅದು ಮುಖ್ಯ ಕಾರಣ. ಜೊತೆಗೆ ಇನ್ನೊಂದನ್ನೂ ಗಮನಿಸಬೇಕು. ಕಂಬಕ್ಕೆ ಅಂಟಿಕೊಂಡ ರಬ್ಬರಿಲ್ಲ, ತೂತಿಲ್ಲ, ಸ್ಕ್ರೂ ಇಲ್ಲ, ಕೆಸರು ತುಂಬಿಕೊಳ್ಳುವ ಮಡಿಕೆ ಇಲ್ಲ. ಬಿದ್ದ ನೀರು ಜಾರುತ್ತದೆ, ಗಾಳಿ ಬಂದರೆ ಆರುತ್ತದೆ. ನೀರು ಎಷ್ಟು ಬೀಳುತ್ತದೆ ಎಂಬುದಕ್ಕಿಂತ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಕಬ್ಬಿಣಕ್ಕೆ ದೊಡ್ಡ ಪ್ರಶ್ನೆ. ಬಳ್ಳಾರಿಯ ಪಿಕಪ್ಪಿನ ಫ್ಲಾಪಿನ ಹಿಂದೆ ಅದು ಹೆಚ್ಚು ಹೊತ್ತು ನಿಲ್ಲುತ್ತದೆ.

ನಮ್ಮ ನೆಲದಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುವುದಿಲ್ಲ ಎನ್ನುವವರು ಸಂಗನಕಲ್ಲಿನ ಹಿರೇಗುಡ್ಡವನ್ನು ಒಮ್ಮೆ ಹತ್ತಲಿ. ಗುಡ್ಡದ ಕಣಶಿಲೆಯ ನಡುವೆ ಕರಿಗಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಡಾಲರೈಟ್ ಎಂಬ ಈ ಕಲ್ಲಿನಲ್ಲಿ ಕಬ್ಬಿಣದ ಅಂಶ ಧಾರಾಳವಾಗಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿದ್ದ ಜನ ಇದನ್ನು ಒಡೆದು, ಕೆತ್ತಿ, ಉಜ್ಜಿ ಕೊಡಲಿಗಳನ್ನು ಮಾಡುತ್ತಿದ್ದರು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇರುವುದು ಸಂಗನಕಲ್ಲಿನ ಆ ಕಾಲವನ್ನು ತೋರಿಸಲೆಂದೇ. ಗುಡ್ಡದ ಮೇಲಿನ ಆ ಕರಿಗಲ್ಲನ್ನು ಒಡೆದರೆ ಒಳಗೆ ಬೂದುಗಪ್ಪು, ಹೊರಗೆ ಕೆಂಗಂದು ಸಿಪ್ಪೆ. ಕಲ್ಲೊಳಗಿನ ಕಬ್ಬಿಣ ಗಾಳಿ ನೀರಿಗೆ ತೆರೆದುಕೊಂಡು ಆದ ಬಣ್ಣ ಅದು. ಕಪ್ಪಗಲ್ಲಿನ ಕಡೆಯ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ದನಗಳ, ಮನುಷ್ಯರ ಚಿತ್ರಗಳು ಕಾಣುವುದೇ ಆ ಸಿಪ್ಪೆ ಕಳಚಿ ಒಳಗಲ್ಲು ತೆರೆದುಕೊಂಡಿದ್ದರಿಂದ. ಹಳೆಯ ಚಿತ್ರಗಳು ಮತ್ತೆ ಕಂದಿ ಬಂಡೆಯ ಬಣ್ಣಕ್ಕೇ ಬಂದಿವೆ. ಮೇಲಿನ ಪದರ ಒಡೆದಲ್ಲಿ ಈ ಒಣ ನಾಡಿನ ಹವೆ ಕೆಲಸ ಶುರು ಮಾಡುತ್ತದೆ ಎಂಬುದಕ್ಕೆ ಗುಡ್ಡವೇ ಸಾಕ್ಷಿ. ಕಲ್ಲಿಗೆ ಸಾವಿರಾರು ವರ್ಷ ಬೇಕು. ಮುಕ್ಕಾಲು ಮಿಲಿಮೀಟರ್ ದಪ್ಪದ ತಗಡಿಗೆ ಅಷ್ಟು ಕಾಲ ಎಲ್ಲಿದೆ?

ಮಳೆಯ ಲೆಕ್ಕದಿಂದ ತುಕ್ಕಿನ ಲೆಕ್ಕ ಮಾಡುವವರು ಕಾಲುವೆಯನ್ನು ಮರೆತಿದ್ದಾರೆ. ಇದು ಈ ವಾದದ ಅತಿ ದೊಡ್ಡ ತೂತು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ಬಂದ ಮೇಲೆ ಬಲದಂಡೆಯ ಕಾಲುವೆಗಳು ಕುರುಗೋಡು, ಬಳ್ಳಾರಿ, ಸಿರುಗುಪ್ಪದ ಎರೆನೆಲಕ್ಕೆ ನೀರು ತಂದವು. ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಆಕಾಶದಿಂದ ಹನಿ ಬೀಳದ ದಿನವೂ ಗದ್ದೆಯ ದಾರಿ ಒದ್ದೆ. ಕಾಲುವೆಯ ಸೋರಿಕೆ, ತೂಬಿನ ನೀರು, ಟ್ರ್ಯಾಕ್ಟರಿನ ಕೇಜ್ ವೀಲ್ ತುಳಿದು ರಸ್ತೆಗೆ ತಂದು ಸುರಿದ ರಾಡಿ. ಸಸಿಯ ಕಂತೆ, ಗೊಬ್ಬರದ ಚೀಲ, ನಾಟಿಯ ಹೆಣ್ಣುಮಕ್ಕಳು, ಕೊನೆಗೆ ಭತ್ತದ ಮೂಟೆ, ಎಲ್ಲವೂ ಪಿಕಪ್ಪಿನಲ್ಲೇ ಹೋಗಬೇಕು, ಅದೇ ದಾರಿಯಲ್ಲೇ ಹೋಗಬೇಕು. ಬಳ್ಳಾರಿಯ ಮಳೆ ಇಷ್ಟೇ ಮಿಲಿಮೀಟರ್ ಎಂದು ಪುಸ್ತಕ ತೋರಿಸುವವರು ಗಾಡಿಯ ಕೆಳಗೆ ತಲೆ ಹಾಕಿ ನೋಡಲಿ.

ಇನ್ನು ಆ ರಾಡಿಯಾದರೂ ಎಂಥದ್ದು? ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಕುಡಿದದ್ದನ್ನು ಬೇಗ ಬಿಡುವುದಿಲ್ಲ. ಕೆಮ್ಮಣ್ಣಾಗಲಿ ಮರಳಾಗಲಿ ಒಣಗಿ ಉದುರಿ ಹೋಗುತ್ತದೆ. ಎರೆ ಅಂಟಿದರೆ ಅಂಟಿತು. ಫ್ಲಾಪಿನ ಹಿಂದಿನ ಸಂದಿಗೆ ಹೊಕ್ಕ ಎರೆಯುಂಡೆ ಹೊರಗೆ ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತದೆ. ಅದನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸಿ ನೋಡಿ, ತಗಡಿಗೆ ತಾಗಿದ ಬದಿ ಇನ್ನೂ ಹಸಿ ಇರುತ್ತದೆ. ಒಂದು ಗಾಯಕ್ಕೆ ಒದ್ದೆ ಬಟ್ಟೆ ಕಟ್ಟಿ ಬಿಚ್ಚದೇ ಬಿಟ್ಟ ಹಾಗೆ.

ಅದಕ್ಕೆ ಮೇಲಾಗಿ ಉಪ್ಪು. ಕಡಲಿಲ್ಲದ ಊರಿನಲ್ಲಿ ಉಪ್ಪೆಲ್ಲಿ ಎಂದು ಕೇಳುವವರು ಸಿರುಗುಪ್ಪದ ಕಡೆ ಕಾಲುವೆಯ ಕೆಳಭಾಗದ ಹೊಲಗಳಿಗೆ ಬೇಸಿಗೆಯಲ್ಲಿ ಹೋಗಿ ನೋಡಬೇಕು. ನೆಲದ ಮೇಲೆ ಬೆಳ್ಳಗೆ ಪುಡಿ ಎದ್ದಿರುತ್ತದೆ. ರೈತರು ಅದನ್ನು ಸವಳು ಎನ್ನುತ್ತಾರೆ. ಅತಿ ನೀರಾವರಿಯಿಂದ ನೆಲದಡಿಯ ನೀರು ಮೇಲೇರಿ, ತನ್ನೊಳಗೆ ಕರಗಿದ್ದ ಲವಣಗಳನ್ನು ಮೇಲೆ ಬಿಟ್ಟು ಆವಿಯಾಗುತ್ತದೆ. ಆ ಬಿಳಿ ಪುಡಿಯಲ್ಲಿ ಕ್ಲೋರೈಡುಗಳಿವೆ, ಸಲ್ಫೇಟುಗಳಿವೆ. ಕರಾವಳಿಯ ಗಾಳಿಯಲ್ಲಿ ಕಬ್ಬಿಣವನ್ನು ತಿನ್ನುವುದೂ ಇದೇ ಕ್ಲೋರೈಡು. ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಸವಳು ಜವಳಿನ ಸಮಸ್ಯೆ ದಶಕಗಳಿಂದ ಎಲ್ಲರಿಗೂ ಗೊತ್ತಿರುವಂಥದ್ದು. ಕೃಷಿ ಸಂಶೋಧನೆ ಮಾಡುವವರು ಅದರ ಹಿಂದೆಯೇ ಬಿದ್ದಿದ್ದಾರೆ. ಬೆಳೆ ಸುಡುವ ಉಪ್ಪು ನಮ್ಮ ನೆಲದಲ್ಲಿದೆ ಎಂದು ರೈತನಾಗಿ ಒಪ್ಪುವ ಮನುಷ್ಯನೇ, ಗಾಡಿಯ ಮಾಲೀಕನಾದಾಗ ಅದೇ ಮಣ್ಣು ತಗಡಿಗೆ ಏನೂ ಮಾಡುವುದಿಲ್ಲ ಎನ್ನುತ್ತಾನೆ. ಇದನ್ನು ನಾನು ಹೇಗೆ ಒಪ್ಪಲಿ?

ನೆಲದ ಉಪ್ಪು ಸಾಲದೆಂಬಂತೆ ನಾವೇ ಚೀಲಗಟ್ಟಲೆ ಉಪ್ಪು ಹೇರುತ್ತೇವೆ. ಪೊಟ್ಯಾಷ್ ಎಂದು ಕೊಳ್ಳುವ ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡು. ಅಡುಗೆ ಉಪ್ಪು ಸೋಡಿಯಂ ಕ್ಲೋರೈಡು. ಕಬ್ಬಿಣದ ಪಾಲಿಗೆ ಇಬ್ಬರೂ ಒಂದೇ ಮನೆಯವರು. ಭತ್ತಕ್ಕೆ, ಮೆಣಸಿನಕಾಯಿಗೆ ಹಾಕುವ 10:26:26ರಂಥ ಮಿಶ್ರ ಗೊಬ್ಬರದಲ್ಲೂ ಅದು ಸೇರಿರುತ್ತದೆ. ಹೊಲಿಗೆ ಬಿಟ್ಟ ಚೀಲದಿಂದ ಉದುರಿದ ಕಾಳು ಡೆಕ್ಕಿನ ಸಂದಿನಿಂದ ಕೆಳಗಿಳಿದು ಹಿಂದಿನ ಚಕ್ರದ ಮೇಲಿನ ತಗಡಿನಲ್ಲಿ, ಫ್ಲಾಪಿನ ತಲೆಯ ಮೇಲೆ ಕೂರುತ್ತದೆ. ಗೊಬ್ಬರದ ಕಾಳು ಗಾಳಿಯ ತೇವವನ್ನು ಎಳೆದುಕೊಂಡು ತಾನೇ ಕರಗುತ್ತದೆ, ಮಳೆಯ ಹಂಗೂ ಬೇಡ. ಆಗಸ್ಟಿನಿಂದ ಅಕ್ಟೋಬರಿನವರೆಗೆ ನಮ್ಮ ಬೆಳಗಿನ ಗಾಳಿಯಲ್ಲಿ ತೇವ ಶೇ 60ನ್ನು ಸಲೀಸಾಗಿ ದಾಟಿರುತ್ತದೆ. ಬರಿಯ ಕಬ್ಬಿಣಕ್ಕೆ ತುಕ್ಕು ಚುರುಕಾಗುವುದೂ ಸುಮಾರು ಅಲ್ಲಿಂದಲೇ. ಉಪ್ಪು ಕೂತ ಕಬ್ಬಿಣಕ್ಕೆ ಅದಕ್ಕಿಂತ ಕಡಿಮೆ ತೇವವೂ ಸಾಕು. ಕುಡಿತಿನಿಯ ವಿದ್ಯುತ್ ಸ್ಥಾವರದ ಹಾರುಬೂದಿ, ಸ್ಪಾಂಜ್ ಐರನ್ ಕಾರ್ಖಾನೆಗಳ ಕಲ್ಲಿದ್ದಲ ಹೊಗೆ, ಅದಿರು ಲಾರಿಗಳ ಕೆಂಧೂಳು ಇವೂ ಇದೇ ಗಾಳಿಯಲ್ಲಿವೆ. ಧೂಳು ಕೂತಲ್ಲಿ ಪಸೆ ಕೂರುತ್ತದೆ ಎಂದಷ್ಟು ಹೇಳಿ ಮುಂದೆ ಹೋಗುತ್ತೇನೆ.

ಈಗ ಆ ತೂತಿಗೆ ಬರೋಣ. ಕಾರ್ಖಾನೆಯಲ್ಲಿ ತಗಡಿನ ಮೇಲೆ ಬಣ್ಣ ಒಂದೇ ಸಲಕ್ಕೆ ಬಂದದ್ದಲ್ಲ. ಮೊದಲು ಫಾಸ್ಫೇಟಿನ ಸ್ನಾನ. ಆಮೇಲೆ ಬಾಡಿಯನ್ನೇ ಪೂರ್ತಿ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಕೂರಿಸುವ ಪ್ರೈಮರು. ಅದು ಕೈ ಹೋಗದ ಮಡಿಕೆಯೊಳಗೂ ಹೋಗಿ ಹಿಡಿದುಕೊಳ್ಳುತ್ತದೆ. ಅದರ ಮೇಲೆ ನಮ್ಮ ಕಣ್ಣಿಗೆ ಕಾಣುವ ಬಣ್ಣ. ಎಲ್ಲ ಸೇರಿದರೂ ದಪ್ಪ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಗಾಡಿಗಿರುವ ರಕ್ಷಣೆ ಅಷ್ಟೇ. ಡ್ರಿಲ್ ಬಿಟ್ಟು ಒಳಹೊಕ್ಕ ಕ್ಷಣ ಆ ಎಲ್ಲ ಪದರಗಳೂ ಸುತ್ತಲೂ ಸೀಳಿ ಹೋಗುತ್ತವೆ. ತೂತಿನ ಅಂಚಿನಲ್ಲಿ ಬೆತ್ತಲೆ ಉಕ್ಕು. ಸೆಲ್ಫ್ ಸ್ಕ್ರೂ ತನ್ನ ಹಲ್ಲಿನಿಂದ ಆ ಅಂಚನ್ನು ಇನ್ನಷ್ಟು ಕೊರೆಯುತ್ತದೆ. ಕೊರೆದಾಗ ಹಾರಿದ ಕಾದ ಕಬ್ಬಿಣದ ಪುಡಿ ಪಕ್ಕದ ಬಣ್ಣಕ್ಕೆ ಅಂಟಿಕೊಂಡು ಮೊದಲ ಮಳೆಗೇ ಕೆಂಪು ಚುಕ್ಕೆಗಳಾಗುತ್ತದೆ. ಉಳಿದ ಪುಡಿ ತಗಡಿನ ಹಿಂದಿನ ಮಡಿಕೆಗೆ ಬಿದ್ದು, ನೀರು ಹೊರಹೋಗಲೆಂದು ಬಿಟ್ಟ ಸಣ್ಣ ಕಿಂಡಿಯ ಬಾಯಲ್ಲಿ ಕೂರುತ್ತದೆ.

ರಬ್ಬರು ಮುಚ್ಚಿದೆಯಲ್ಲ, ಗಾಳಿ ತಾಗದ ಜಾಗಕ್ಕೆ ತುಕ್ಕು ಹೇಗೆ ಬರುತ್ತದೆ ಎಂಬುದು ಮೆಕ್ಯಾನಿಕ್ಕುಗಳ ಇನ್ನೊಂದು ನೆಚ್ಚಿನ ವಾದ. ಕೇಂಬ್ರಿಜ್ಜಿನ ಯು. ಆರ್. ಇವಾನ್ಸ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಇದಕ್ಕೆ ಉತ್ತರ ತೋರಿಸಿಟ್ಟಿದ್ದಾನೆ. ನಯ ಮಾಡಿದ ಕಬ್ಬಿಣದ ಮೇಲೆ ಉಪ್ಪುನೀರಿನ ಒಂದು ಹನಿ ಇಟ್ಟ. ಹನಿಯ ಅಂಚಿಗೆ ಗಾಳಿ ಹೆಚ್ಚು ಸಿಗುತ್ತದೆ, ನಡುವಿಗೆ ಕಡಿಮೆ. ಕಬ್ಬಿಣ ಕರಗಿದ್ದು ನಡುವಿನಲ್ಲಿ. ಗಾಳಿ ಹೆಚ್ಚಿರುವ ಜಾಗವೂ ಕಡಿಮೆ ಇರುವ ಜಾಗವೂ ಒಂದೇ ತೇವದಿಂದ ಕೂಡಿಕೊಂಡಾಗ ಕಡಿಮೆ ಗಾಳಿಯ ಜಾಗದ ಕಬ್ಬಿಣ ಬಲಿಯಾಗುತ್ತದೆ. ಫ್ಲಾಪಿನ ಅಡಿ ಅಂಥ ಜಾಗ. ಸ್ಕ್ರೂವಿನ ತಲೆಯ ಅಡಿ ಅಂಥ ಜಾಗ. ಹೊರಗಿನ ತಗಡು ಹೊಳೆಯುತ್ತಿರುವಾಗಲೇ ರಬ್ಬರಿನ ಕೆಳಗೆ ತೂತು ಅಗಲವಾಗುತ್ತಿರುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಆದ್ದರಿಂದ ಅದು ಸುತ್ತಲ ಬಣ್ಣವನ್ನು ಒಳಗಿನಿಂದ ಎತ್ತುತ್ತ ಹೋಗುತ್ತದೆ. ಕಣ್ಣಿಗೆ ಗುಳ್ಳೆ ಕಂಡ ದಿನ ಅದು ಆಗಲೇ ಬಹಳ ದೂರ ಹೋಗಿರುತ್ತದೆ.

ಇಷ್ಟು ಹೇಳಿದ ಮೇಲೆ ಒಪ್ಪಿಕೊಂಡವರು ಮೂರು ನಾಲ್ಕು ಅಗ್ಗದ ಮದ್ದು ಹೇಳುತ್ತಾರೆ. ಅವುಗಳ ಮೇಲೂ ನನಗೆ ಸಿಟ್ಟಿದೆ.

ಸ್ಟೀಲ್ ಸ್ಕ್ರೂ ಹಾಕಿಸಿದೆ, ಇನ್ನೇನು ಭಯ ಎನ್ನುವರು. ಸ್ಟೇನ್‌ಲೆಸ್ ಸ್ಕ್ರೂ ತಾನು ಕೆಡುವುದಿಲ್ಲ, ನಿಜ. ಆದರೆ ನಾವು ಕಾಪಾಡಬೇಕಾದದ್ದು ಐದು ರೂಪಾಯಿಯ ಸ್ಕ್ರೂವನ್ನೋ ಲಕ್ಷಗಟ್ಟಲೆಯ ಗಾಡಿಯನ್ನೋ? ತೂತಿನ ಬೆತ್ತಲೆ ಅಂಚು ಹಾಗೇ ಇದೆ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ತಾಗಿಕೊಂಡಾಗ ಕೀಳಾದದ್ದು ಮೊದಲು ಕರಗುತ್ತದೆ. ಇಲ್ಲಿ ಕೀಳಾದದ್ದು ತಗಡು. ಅಲ್ಯೂಮಿನಿಯಂ ರಿವೆಟ್ ಹೊಡೆದರೆ ತಿರುಗುಮುರುಗಾಗಿ ರಿವೆಟ್ಟೇ ಸವೆದು, ಒಂದು ದಿನ ಫ್ಲಾಪು ರಸ್ತೆಯಲ್ಲಿ ಬಿದ್ದಿರುತ್ತದೆ.

ರೆಡ್ ಆಕ್ಸೈಡ್ ಬಳಿದಿದ್ದೇವೆ ಎನ್ನುವರು. ಬಾಡಿ ಕಟ್ಟುವ ಶೆಡ್ಡುಗಳಲ್ಲಿ ಅದೊಂದು ಸರ್ವರೋಗ ನಿವಾರಕ. ರೆಡ್ ಆಕ್ಸೈಡ್ ಎಂಬುದು ಮೇಲೆ ಬರುವ ಬಣ್ಣಕ್ಕೆ ಹಿಡಿತ ಕೊಡುವ ತಳಪದರ. ಅದರ ಮೇಲೆ ಬಣ್ಣ ಬರದಿದ್ದರೆ ನೀರು ಅದರೊಳಗಿಂದ ಇಳಿದು ಕಬ್ಬಿಣವನ್ನು ಮುಟ್ಟುತ್ತದೆ. ತುಕ್ಕಿನದೇ ಬಣ್ಣವಾದ್ದರಿಂದ ತುಕ್ಕು ಶುರುವಾದದ್ದೂ ಗೊತ್ತಾಗುವುದಿಲ್ಲ. ಎಣ್ಣೆ ಜಿಡ್ಡು, ಧೂಳು ಒರೆಸದೆ ಬಳಿದರಂತೂ ಅದು ಸಿಪ್ಪೆಯಾಗಿ ಏಳುತ್ತದೆ.

ವೇಸ್ಟ್ ಆಯಿಲ್ ಹೊಡೆಸುವುದು ಇದಕ್ಕಿಂತ ಕೆಟ್ಟ ರೂಢಿ. ವಾಟರ್ ವಾಶ್ ಆದ ಮೇಲೆ ಎಂಜಿನ್ನಿನಿಂದ ತೆಗೆದ ಕರಿ ಎಣ್ಣೆಯನ್ನು ಡೀಸೆಲ್ಲಿನಲ್ಲಿ ಕದಡಿ ಗಾಡಿಯ ಹೊಟ್ಟೆಗೆ ಎರಚುತ್ತಾರೆ. ಹೊಳಪು ನೋಡಿ ಮಾಲೀಕ ಖುಷಿಪಡುತ್ತಾನೆ. ನಮ್ಮ ಧೂಳಿನ ದಾರಿಯಲ್ಲಿ ಆ ಎಣ್ಣೆ ಎರಡು ದಿನದಲ್ಲಿ ಮಣ್ಣು ಹಿಡಿದು ದಪ್ಪ ಪದರ ಕಟ್ಟುತ್ತದೆ. ಅದರಡಿಯಲ್ಲಿ ಸಿಕ್ಕಿಕೊಂಡ ತೇವಕ್ಕೆ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಸುಟ್ಟ ಎಣ್ಣೆಯಲ್ಲಿ ಎಂಜಿನ್ನಿನ ಆಮ್ಲಗಳೂ ಇರುತ್ತವೆ. ಅದು ರಬ್ಬರಿನ ಬುಷ್ಷುಗಳನ್ನು ಮೆತ್ತಗೆ ಮಾಡುತ್ತದೆ, ಮಿಕ್ಕದ್ದು ಹೊಲಕ್ಕೂ ಕಾಲುವೆಗೂ ತೊಟ್ಟಿಕ್ಕುತ್ತದೆ. ಅನ್ನ ಬೆಳೆಯುವ ನೆಲಕ್ಕೆ ಈ ವಿಷ ಸುರಿಯುವುದನ್ನು ಗಾಡಿಯ ಆರೈಕೆ ಎಂದು ಕರೆಯುವುದು ನಿಲ್ಲಬೇಕು.

ಕೊನೆಯದು ಎಫ್‌ಸಿ ಬಣ್ಣ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಅರ್ಹತಾ ಪತ್ರ ಮಾಡಿಸಬೇಕು. ಅದರ ಹಿಂದಿನ ವಾರ ಬಣ್ಣದವನ ಶೆಡ್ಡಿನಲ್ಲಿ ಸಾಲು. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ, ಮೇಲೊಂದು ಕೈ ಬಣ್ಣ ಹೊಡೆದು ಕಳಿಸುತ್ತಾರೆ. ಒಳಗಿನ ತುಕ್ಕು ತನ್ನ ಪಾಡಿಗೆ ಮುಂದುವರಿಯುತ್ತದೆ. ಮುಂದಿನ ಎಫ್‌ಸಿ ಹೊತ್ತಿಗೆ ಪುಟ್ಟಿಯ ಜೊತೆ ತಗಡೂ ಕೈಗೆ ಬರುತ್ತದೆ. ಆಗ ಟಿಂಕರಿಂಗ್, ವೆಲ್ಡಿಂಗ್. ವೆಲ್ಡಿಂಗಿನ ಶಾಖಕ್ಕೆ ಸುತ್ತಲ ಒಳ್ಳೆಯ ಬಣ್ಣವೂ ಸುಟ್ಟು ಹೊಸ ಬೆತ್ತಲೆ ಜಾಗ. ಈ ಸುತ್ತಿಗೆ ಕೊನೆ ಇಲ್ಲ. ಪ್ರತಿ ಸುತ್ತಿನ ಹಣವೂ ಆ ಚಾಲಕನ ಬಾಡಿಗೆಯಿಂದಲೇ ಹೋಗಬೇಕು.

ಹಾಗಾದರೆ ಫ್ಲಾಪೇ ಬೇಡ, ಕಿತ್ತು ಬಿಸಾಡಿ ಎನ್ನುವ ಗುಂಪೂ ಈಚೆಗೆ ಬೆಳೆಯುತ್ತಿದೆ. ತುಕ್ಕಿನ ತಪ್ಪನ್ನು ರಬ್ಬರಿನ ಮೇಲೆ ಹಾಕುವ ಈ ವಾದವೂ ಸರಿಯಲ್ಲ. ಕಲ್ಲು ಕ್ವಾರಿಗಳ, ಅದಿರಿನ ರಸ್ತೆಗಳ ಈ ನಾಡಿನಲ್ಲಿ ಚಕ್ರ ಎಸೆಯುವ ಜಲ್ಲಿ ಕೆಳ ಅಂಚಿನ ಬಣ್ಣವನ್ನು ಚುಕ್ಕೆ ಚುಕ್ಕೆಯಾಗಿ ಕಿತ್ತುಹಾಕುತ್ತದೆ. ಫ್ಲಾಪಿಲ್ಲದ ಗಾಡಿಯ ತಗಡಿನ ತುಂಬ ನೂರು ಸಣ್ಣ ಗಾಯಗಳು. ಅದಕ್ಕಿಂತ ಹೆಚ್ಚಾಗಿ ಹಿಂದೆ ಬರುವ ಬೈಕಿನವನಿದ್ದಾನೆ. ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುವ ಅವನ ಮುಖಕ್ಕೆ ಕಲ್ಲು, ರಾಡಿ ಎರಚುವ ಹಕ್ಕು ನಮಗಿಲ್ಲ. ಫ್ಲಾಪು ಇರಲೇಬೇಕು. ಹಾಕುವ ರೀತಿ ಬದಲಾಗಬೇಕು.

ಹೊಸ ತೂತು ಕೊರೆಯದೆ ಕೆಲಸ ಆಗುತ್ತದೆಯೇ ಎಂದು ಮೊದಲು ನೋಡಿಸಿ. ಹಲವು ಪಿಕಪ್‌ಗಳಲ್ಲಿ ಚಕ್ರದ ಕಮಾನಿನ ಅಂಚಿನಲ್ಲೋ ಲೋಡ್ ಬಾಡಿಯ ಅಡ್ಡಪಟ್ಟಿಯಲ್ಲೋ ಕಾರ್ಖಾನೆಯವರೇ ಬಿಟ್ಟ, ಬಣ್ಣ ಕಂಡ ತೂತುಗಳೂ ಬೋಲ್ಟುಗಳೂ ಇರುತ್ತವೆ. ಇಲ್ಲದಿದ್ದರೆ ಎಲ್ ಆಂಗಲ್ಲಿನ ಒಂದು ಬ್ರಾಕೆಟ್ ಮಾಡಿಸಿ, ಅದರಲ್ಲಿ ಬೇಕಾದಷ್ಟು ತೂತು ಕೊರೆಸಿ, ಬಣ್ಣ ಹೊಡೆಸಿ, ಇರುವ ಬೋಲ್ಟಿಗೇ ಅದನ್ನು ಸಿಗಿಸಬಹುದು. ಬ್ರಾಕೆಟ್ ತುಕ್ಕು ಹಿಡಿದರೆ ಹೊಸದು ಮಾಡಿಸಬಹುದು, ಗಾಡಿಯ ತಗಡನ್ನು ಹಾಗೆ ಬದಲಿಸಲಾಗದು. ಚಾಸಿಯ ತೊಲೆಯ ಮೇಲಂಚು ಕೆಳಂಚುಗಳಿಗೆ ಡ್ರಿಲ್ ತಾಗಿಸಲು ಯಾರಿಗೂ ಬಿಡಬಾರದು. ಗಾಡಿ ಹೊರುವ ಭಾರವೆಲ್ಲ ಆ ಅಂಚುಗಳ ಮೇಲಿರುತ್ತದೆ, ತೂತಿನಿಂದ ಬಿರುಕು ಹೊರಡುತ್ತದೆ.

ಕೊರೆಯಲೇಬೇಕಾದಾಗ ರಬ್ಬರನ್ನು ಬದಿಗಿಟ್ಟು ಬರಿಯ ತಗಡನ್ನು ಕೊರೆಯಬೇಕು. ಅರದಿಂದ ಅಂಚಿನ ಮುಳ್ಳುಗಳನ್ನು ಎರಡೂ ಬದಿ ಉಜ್ಜಬೇಕು. ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದಲೋ ಗಾಳಿಯ ಪೈಪಿನಿಂದಲೋ ಪೂರ್ತಿ ತೆಗೆದು, ಥಿನ್ನರಿನಿಂದ ಒರೆಸಿ, ಬೆತ್ತಲೆ ಉಕ್ಕಿಗೆ ಸತುವಿನ ಪ್ರೈಮರ್ ಹಚ್ಚಬೇಕು. ಸತು ಕಬ್ಬಿಣಕ್ಕಿಂತ ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಜಿಐ ತಗಡು ಬಾಳುವುದು ಅದೇ ಕಾರಣಕ್ಕೆ. ಆರಿದ ಮೇಲೆ ಇನ್ನೊಂದು ಕೈ, ಅದರ ಮೇಲೆ ಬಾಡಿಯ ಬಣ್ಣ. ರಾತ್ರಿಯೆಲ್ಲ ಆರಲು ಬಿಟ್ಟು ಮರುದಿನ ಕೂರಿಸಬೇಕು. ಹಸಿ ಬಣ್ಣದ ಮೇಲೆ ಬೋಲ್ಟು ಬಿಗಿದರೆ ಎಲ್ಲವೂ ವ್ಯರ್ಥ. ಸೆಲ್ಫ್ ಸ್ಕ್ರೂ ಬೇಡವೇ ಬೇಡ. ಸತುವಿನ ಲೇಪವಿರುವ ಬೋಲ್ಟು, ಎರಡೂ ಕಡೆ ನೈಲಾನ್ ವಾಷರು, ಸಡಿಲವಾಗದ ನೈಲಾಕ್ ನಟ್ಟು. ಕೊನೆಗೆ ತಗಡಿನ ಹಿಂಬದಿಗೆ, ನಟ್ಟಿನ ಮೇಲೆ ಮೇಣದ ಆಧಾರದ ತುಕ್ಕುನಿರೋಧಕ ಸ್ಪ್ರೇ.

ಇದೆಲ್ಲಕ್ಕಿಂತ ಮುಖ್ಯವಾದ, ಯಾರೂ ಮಾಡದ ಕೆಲಸವೊಂದಿದೆ. ರಬ್ಬರು ತಗಡಿಗೆ ಅಂಟಿ ಕೂರಬಾರದು. ಪ್ರತಿ ಬೋಲ್ಟಿಗೂ ಒಂದು ಪ್ಲಾಸ್ಟಿಕ್ ಬುಷ್ ಹಾಕಿ ನಡುವೆ ಬೆರಳ ದಪ್ಪದ ಸಂದು ಬಿಡಬೇಕು. ಪೈಪಿನ ನೀರು ಆ ಸಂದಿನಲ್ಲಿ ಹರಿದು ಎರೆಯನ್ನು ತೊಳೆಯಬೇಕು, ಗಾಳಿ ಆಡಿ ಆರಬೇಕು. ನೀರಿನ ಕಿಂಡಿಗಳನ್ನು ಫ್ಲಾಪು ಮುಚ್ಚದಂತೆ ನೋಡಬೇಕು. ಗಣಿಯ ಹಳೆ ಕನ್ವೇಯರ್ ಬೆಲ್ಟ್ ಕತ್ತರಿಸಿ ಹಾಕುವವರು ಅದರೊಳಗಿನ ಬಟ್ಟೆಯ ಪದರ ಕತ್ತರಿಸಿದ ಅಂಚಿನಿಂದ ನೀರು ಹೀರುತ್ತದೆ ಎಂಬುದನ್ನು ನೆನಪಿಡಬೇಕು. ತೀರ ಭಾರದ, ನೆಲಕ್ಕೆ ತಾಗುವಷ್ಟು ಉದ್ದದ ರಬ್ಬರು ರಿವರ್ಸ್ ತೆಗೆಯುವಾಗ ಚಕ್ರದಡಿ ಸಿಕ್ಕಿ ತಗಡನ್ನೇ ಹರಿಯುತ್ತದೆ. ಗೊಬ್ಬರ ಹೇರಿದ ದಿನ, ಗದ್ದೆಯ ದಾರಿ ತುಳಿದ ದಿನ, ಮನೆಗೆ ಬಂದು ಫ್ಲಾಪಿನ ಹಿಂದೆ ಸಿಹಿನೀರು ಬಿಡುವುದಕ್ಕೆ ಐದು ನಿಮಿಷ ಸಾಕು. ಉಪ್ಪಿನಂಶದ ಬೋರಿನ ನೀರಾದರೆ ಬೇಡ.

‘ಐದು ವರ್ಷಕ್ಕೆ ಮಾರೋ ಗಾಡಿಗೆ ಇಷ್ಟೆಲ್ಲ ಯಾಕಣ್ಣ?’ ಎಂಬ ಮಾತು ಕೊನೆಗೆ ಬಂದೇ ಬರುತ್ತದೆ. ಮಾರುವವನಿಗೆ ಐದು ವರ್ಷ ಇರಬಹುದು. ಕೊಳ್ಳುವವನು ಯಾರು? ಹೊಸ ಗಾಡಿಯ ಶಕ್ತಿ ಇಲ್ಲದ, ಕೈಸಾಲ ಮಾಡಿ ಮೊದಲ ಗಾಡಿ ಕೊಳ್ಳುವ ಹಳ್ಳಿಯ ಹುಡುಗ. ಕೆಎ-34 ಎಂಬ ಹೆಸರು ನಂಬಿ ನಾಲ್ಕು ಕಾಸು ಹೆಚ್ಚು ಕೊಡುವವನೂ ಅವನೇ. ಪುಟ್ಟಿಯ ಹಿಂದೆ ಏನಿದೆ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಹಿಂದಿನ ಕಾಲದ ಲಾರಿ ಮೂವತ್ತು ವರ್ಷ ಓಡಲಿಲ್ಲವೇ ಎಂದು ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಆಗಿನ ತಗಡು ದಪ್ಪ, ತುಕ್ಕು ಅರ್ಧ ತಿಂದರೂ ಅರ್ಧ ಉಳಿಯುತ್ತಿತ್ತು. ಇಂದು ಉಳಿಯುವಷ್ಟು ತಗಡೇ ಇಲ್ಲ. ಹೊರಗೆ ಕೊರೆಸಿದ ತೂತಿನಿಂದ ಬಂದ ತುಕ್ಕನ್ನು ವಾರಂಟಿಯಲ್ಲಿ ಸೇರಿಸಿಕೊಳ್ಳುವ ತಯಾರಕರನ್ನು ನಾನು ಕಂಡಿಲ್ಲ.

ಅಂಗಡಿಯ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಇದನ್ನು ಕಲಿಸಿದವರಿಲ್ಲ, ದಿನಕ್ಕೆ ಇಷ್ಟು ಗಾಡಿ ಎಂಬ ಲೆಕ್ಕದ ಮೇಲೆ ಅವನ ಕೂಲಿ. ಅವನಿಗೆ ಹೆಚ್ಚಿನ ಅರ್ಧ ದಿನ, ಒಂದು ಡಬ್ಬಿ ಸತುವಿನ ಪ್ರೈಮರು, ಆ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕಾದವರು ಅಂಗಡಿಯ ಮಾಲೀಕರು, ಹೊಸ ಗಾಡಿಯೊಂದಿಗೆ ಫ್ಲಾಪನ್ನೂ ಹಾಕಿಸಿ ಕಳಿಸುವ ಮಾರಾಟಗಾರರು, ಗಾಡಿಯ ಮಾಲೀಕರು. ತೂತು ಕೊರೆಯುವ ಮುಂಚೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ: ಎಷ್ಟು ತೂತು, ಎಲ್ಲಿ, ಯಾವ ಪ್ರೈಮರು, ಎಷ್ಟು ಕೈ. ಬರೆದುಕೊಡಲು ಒಪ್ಪದ ಅಂಗಡಿಯಿಂದ ಗಾಡಿಯನ್ನು ಹೊರಗೆ ತನ್ನಿ, ಮುಂದಿನ ಅಂಗಡಿಯಲ್ಲಿ ಕೇಳಿ.